ಸೀತಾಂಗೋಳಿಯ ರೂಮು

ಇವತ್ತು ನೀನು ಕ್ಲಾಸಿಗೆ ಬರುವುದು ಬೇಡ ಎಂದು ಬೆಳಿಗ್ಗೆಯೇ ತಾಯಿಗೆ ಹೇಳಿಬಿಡಬಹುದಿತ್ತು, ಆದರೆ ಹಾಗೆ ಹೇಳಬೇಕಾದರೆ ಒಂದು ಕಾರಣ ಬೇಕು, ಆ ಕಾರಣವನ್ನು ಅವಳು ಕೇಳುವವಳಲ್ಲ, ಆಯಿತು ಎಂದು ಸುಮ್ಮನಾಗುತ್ತಾಳೆ, ಅವಳು ಕೇಳದೆ ಬಿಟ್ಟ ಕಾರಣವನ್ನು ದಿನವಿಡೀ ತಾನೇ ಹೊತ್ತುಕೊಂಡು ತಿರುಗಬೇಕಾಗುತ್ತದೆ ಎಂದು ಬಸ್ಸಿನ ಕಿಟಕಿಯ ಪಕ್ಕ ಕುಳಿತ ಧನರಾಜ ಯೋಚಿಸುತ್ತಿದ್ದ. ತೊಡೆಯ ಮೇಲೆ ಬಿಸ್ಕತ್ತಿನ ಪೊಟ್ಟಣಗಳು, ಕಾಗದದ ಲೋಟಗಳ ಕಟ್ಟು, ನೇಂದ್ರ ಬಾಳೆಯ ಚಿಪ್ಸ್. ಹನ್ನೊಂದು ಗಂಟೆಗೆ ಯೋಜನೆಯ ಆಫೀಸಿನಿಂದ ಈಶ್ವರಪ್ರಸಾದರು ಬರುತ್ತಾರೆ. ಕಾಲನಿಯ ಹೆಂಗಸರು ಅಂಗಡಿ ನಡೆಸಲು ತಯಾರಾಗಿದ್ದಾರೆ ಎಂದು ಅವರು ಕಣ್ಣಾರೆ ನೋಡಿ ಬರೆದರೆ ಸೀತಾಂಗೋಳಿ ಪೇಟೆಯ ಅಂಗಡಿ ರೂಮು ಇವರದ್ದಾಗುತ್ತದೆ. ಬರೆಯದಿದ್ದರೆ ಇನ್ಯಾರದ್ದೋ ಆಗುತ್ತದೆ. ರೂಮನ್ನು ಅವನು ಈಗಷ್ಟೇ ನೋಡಿ ಬಂದಿದ್ದ. ನೋಡಲು ವಿಶೇಷವೇನೂ ಇರಲಿಲ್ಲ. ನೀಲಿ ಬಣ್ಣದ ಶಟರ್ ಮುಚ್ಚಿತ್ತು, ಅದರ ಮುಂದೆ ಒಬ್ಬ ಸ್ಕೂಟರ್ ನಿಲ್ಲಿಸಿ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ. ಬೈಗಳು ಮುಗಿಯುವ ತನಕ ಕಾಯೋಣ ಎಂದು ಧನರಾಜ ನಿಂತ, ಮುಗಿಯುವ ಲಕ್ಷಣ ಕಾಣದೆ ಹಿಂತಿರುಗಿದ. ಶಟರನ್ನು ಒಮ್ಮೆ ಮುಟ್ಟಬೇಕು ಎಂದು ಯಾಕೆ ಅನ್ನಿಸಿತ್ತೋ ಅವನಿಗೆ ಗೊತ್ತಿರಲಿಲ್ಲ.

ಕಾಲನಿ ಎಂದರೆ ಕುಂಬ್ಡಾಜೆಯ ಗುಡ್ಡವೊಂದರ ಮಗ್ಗುಲಲ್ಲಿ ಬುಟ್ಟಿ ನೇಯುವ ಕೊರಗರ ಕೆಲವು ಮನೆಗಳು, ಒಂದು ನೀರಿನ ನಳ್ಳಿ, ಒಂದು ಸಮುದಾಯ ಭವನ. ಭವನದ ಫ್ಯಾನು ತಿರುಗುತ್ತದೆ. ಅಲ್ಲಿಂದ ಬಿ.ಕಾಂ. ಮಾಡಿದ ಮೊದಲಿಗ ಧನರಾಜ, ಆದ್ದರಿಂದ ಯೋಜನೆಯವರು ಕಾಲನಿಯ ಹೆಂಗಸರಿಗೆ ಆರ್ಥಿಕ ಸಾಕ್ಷರತೆಯ ಕ್ಲಾಸು ತೆಗೆದುಕೊಳ್ಳಲು ಅವನನ್ನೇ ನೇಮಿಸಿದ್ದರು, ವರ್ಷದಿಂದ ವರ್ಷಕ್ಕೆ ನವೀಕರಿಸುವ ಷರತ್ತಿನ ಮೇಲೆ. ಮೊದಲ ದಿನ ಆ ಎರಡು ಶಬ್ದಗಳನ್ನು ಬೋರ್ಡಿನ ಮೇಲೆ ಬರೆದಾಗ ದಮಯಂತಿ, "ಇದು ಯಾವ ಕಾಯಿಲೆ ಸಾರ್?" ಎಂದು ಕೇಳಿದ್ದಳು. ಪಾಠದ ಪುಸ್ತಕ ಮಲಯಾಳದಿಂದ ಕನ್ನಡಕ್ಕೆ ಬಂದದ್ದು. ಅದರಲ್ಲಿ ಜೋರ್ಜ್ ಮತ್ತು ಲೀಲಾ ಎಂಬ ಗಂಡ ಹೆಂಡತಿ ಸ್ವಲ್ಪ ಸ್ವಲ್ಪವೇ ಉಳಿಸಿ ಬೇಕರಿ ತೆರೆಯುತ್ತಾರೆ. ಅವರು ಜಗಳವಾಡುವುದಿಲ್ಲ, ಅವರಿಗೆ ಜ್ವರ ಬರುವುದಿಲ್ಲ. ಮುಖಪುಟದಲ್ಲಿ ಬೆನ್ನಿನ ಮೇಲೆ ಸೀಳು ಇರುವ ಗುಲಾಬಿ ಬಣ್ಣದ ಹಂದಿ, ಸೀಳಿನೊಳಗೆ ಅರ್ಧ ಇಳಿದ ನಾಣ್ಯ. "ಹಂದಿಯ ಹೊಟ್ಟೆಗೆ ದುಡ್ಡು ಹಾಕುವುದಾ?" ಎಂದು ದಮಯಂತಿ ಪುಸ್ತಕವನ್ನು ಎಲ್ಲರಿಗೂ ತೋರಿಸಿದ್ದಳು. "ಹಿಂಡಿ ಹಾಕ್ಲಿಕ್ಕೆ ಹೇಳಿ ಸಾರ್, ದುಡ್ಡು ಆಮೇಲೆ ಬರ್ತದೆ." ಎಲ್ಲರೂ ನಕ್ಕರು. ಧನರಾಜ ನಗದೆ ಎರಡನೆಯ ಪುಟ ತೆರೆಯಲು ಹೇಳಿದ. ನಗಬಹುದಿತ್ತು ಎಂದು ರಾತ್ರಿ ಅನ್ನಿಸಿತು, ಆದರೆ ರಾತ್ರಿ ಒಬ್ಬನೇ ನಗುವುದಕ್ಕೆ ಬರುವುದಿಲ್ಲ.

ಅವನನ್ನು ಏನೆಂದು ಕರೆಯುವುದು ಎಂಬ ಪ್ರಶ್ನೆಯೂ ಆ ಮೊದಲ ದಿನವೇ ಬಂದಿತ್ತು. ಅಲ್ಲಿದ್ದ ಅರ್ಧ ಹೆಂಗಸರು ಅವನನ್ನು ಎತ್ತಿ ಆಡಿಸಿದವರು. "ಕ್ಲಾಸಿನಲ್ಲಿ ಸಾರ್, ಹೊರಗೆ ಧನು," ಎಂದು ದಮಯಂತಿ ತೀರ್ಮಾನ ಮಾಡಿದಳು. ಮೂಲೆಯಲ್ಲಿ ಕುಳಿತಿದ್ದ ಅಮ್ಮುವೂ ತಲೆಯಾಡಿಸಿದಳು. ಹಾಜರಿ ಕರೆಯುವಾಗ ಅಮ್ಮು ಎಂದು ಕರೆದರೆ, "ಬಂದಿದ್ದೇನೆ ಸಾರ್" ಎಂದು ಅವಳು ಹೇಳುತ್ತಿದ್ದದ್ದು ಉಪ್ಪು ತೀರಿದೆ ಎಂದು ಹೇಳುವ ಅದೇ ಧ್ವನಿಯಲ್ಲಿ. ನೀನು ಹಾಗೆ ಕರೆಯಬೇಕಾಗಿಲ್ಲ ಎಂದು ಹೇಳಲು ಅವನು ಒಂದು ವಾರ ಯೋಚಿಸಿದ. ಎರಡನೆಯ ವಾರ ಕಿವಿಗೆ ಅಭ್ಯಾಸವಾಯಿತು. ಅವಳು ಅವನ ತಾಯಿ ಎಂಬುದು ಕಾಲನಿಗೆಲ್ಲ ಗೊತ್ತಿದ್ದ ಸಂಗತಿ, ಹೇಳಬೇಕಾದದ್ದೇನೂ ಇರಲಿಲ್ಲ; ಆಫೀಸಿನವರಿಗೆ ಗೊತ್ತಿರಲಿಲ್ಲ, ಹೇಳುವ ಪ್ರಸಂಗ ಬಂದಿರಲಿಲ್ಲ.

ಬೆಲೆ ಹೇಳುವುದು ಹೇಗೆ ಎಂಬುದು ಐದನೆಯ ಪಾಠ. ಮೇಜು ಎಂದರೆ ಅಂಗಡಿ. ಮೇಜಿನ ಹಿಂದಿನ ಕುರ್ಚಿಯಲ್ಲಿ ಒಬ್ಬಳು ಕುಳಿತುಕೊಳ್ಳುತ್ತಾಳೆ, ಮುಂದೆ ಅವಳೇ ನೇಯ್ದ ಬುಟ್ಟಿ. ಧನರಾಜ ಬಾಗಿಲಿನಿಂದ ಹೊರಗೆ ಹೋಗಿ ಗಿರಾಕಿಯಾಗಿ ಒಳಗೆ ಬರುತ್ತಾನೆ, ಎಷ್ಟು ಎಂದು ಕೇಳುತ್ತಾನೆ, ಜಾಸ್ತಿಯಾಯಿತು ಎನ್ನುತ್ತಾನೆ. ಹತ್ತನೇ ಕ್ಲಾಸು ಮುಗಿಸಿದ್ದ ರಶ್ಮಿತಾ ಪಟಪಟನೆ ಉತ್ತರ ಕೊಡುತ್ತಿದ್ದಳು. ದಮಯಂತಿ ಗಿರಾಕಿಯ ಅಂಗಿಯ ಗುಂಡಿ ಹೋಗಿರುವುದನ್ನು ತೋರಿಸಿ, "ಇವರ ಹತ್ರ ದುಡ್ಡು ಉಂಟಾ ಮೊದಲು ನೋಡುವ" ಎನ್ನುತ್ತಿದ್ದಳು. ಹೀಗೆ ಒಬ್ಬೊಬ್ಬರದ್ದಾಗಿ ಸರದಿ ಮೂಲೆಗೆ ಬರುವಷ್ಟರಲ್ಲಿ ಪ್ರತಿ ಸಲವೂ ಹೊತ್ತಾಗುತ್ತಿತ್ತು. ಹೊತ್ತಾಗುವಂತೆ ಅವನೇ ನೋಡಿಕೊಳ್ಳುತ್ತಿದ್ದ. ಬೇರೆಯವರ ತಾಯಂದಿರ ಹತ್ತಿರ ಚೌಕಾಸಿ ಮಾಡಲು ಅವನಿಗೆ ನಾಚಿಕೆಯಾಗುತ್ತಿರಲಿಲ್ಲ. ಅಮ್ಮು ಕೇಳಲೂ ಇಲ್ಲ. ನೇಯುವುದಕ್ಕೆ ಏನೂ ಇಲ್ಲದ ಅವಳ ಕೈಗಳು ಮಡಿಲಲ್ಲಿ, ಯಾರೋ ಇಟ್ಟು ಮರೆತು ಹೋದ ಎರಡು ವಸ್ತುಗಳಂತೆ ಬಿದ್ದಿರುತ್ತಿದ್ದವು.

ಅವಳು ಬುಟ್ಟಿ ಕೊಡುವುದನ್ನು ಅವನು ನೋಡದೆ ಇದ್ದವನಲ್ಲ. ಶಾಲೆಗೆ ರಜೆ ಇದ್ದಾಗ ಸಣ್ಣ ತಡ್ಪೆಗಳನ್ನು, ಅಂದರೆ ಮೊರಗಳನ್ನು, ಅವನ ತಲೆಯ ಮೇಲೆ ಇಟ್ಟು ಬೆಳ್ಳೂರಿನ ಕಡೆಯ ಮನೆಗಳಿಗೆ ಕರೆದುಕೊಂಡು ಹೋಗುತ್ತಿದ್ದಳು. ಅಂಗಳದ ಆಚೆ, ಬೇಲಿ ದಾಟುವ ತಡಮೆಯ ಹತ್ತಿರ ನಿಂತು ಒಮ್ಮೆ ಕೆಮ್ಮುವುದು. ಕರೆಯುವುದಿಲ್ಲ. ಆಮೇಲೆ ಕಾಯುವುದು. ಒಳಗಿನವರು ಪೇಪರು ಓದಿ ಮುಗಿಸಿ, ಅಥವಾ ಮುಗಿಸದೆ, ಯಾರದು ಎಂದು ಕೇಳಿ, ಅಲ್ಲೇ ಇಡು ಎನ್ನುತ್ತಾರೆ. ಇಟ್ಟು ಹಿಂದೆ ಸರಿಯಬೇಕು. ಅಕ್ಕಿ, ಒಂದು ತೆಂಗಿನಕಾಯಿ, ಕೆಲವು ಮನೆಗಳಲ್ಲಿ ನೋಟು, ಕೆಲವು ದಿನ ಏನೂ ಇಲ್ಲ. ಎಷ್ಟು ಎಂದು ಅವರು ಕೇಳಿದ್ದನ್ನಾಗಲಿ ಇಷ್ಟು ಎಂದು ಇವಳು ಹೇಳಿದ್ದನ್ನಾಗಲಿ ಅವನು ಕೇಳಿರಲಿಲ್ಲ. ಮಾರುವುದು ಎಂದರೆ ಒಂದು ಬಗೆಯ ನಿಲ್ಲುವಿಕೆ ಎಂದು ಅವನು ತುಂಬ ಕಾಲ ತಿಳಿದುಕೊಂಡಿದ್ದ. ಕಾಲೇಜಿನಲ್ಲಿ ಬೇಡಿಕೆ ಮತ್ತು ಪೂರೈಕೆಯ ಗೆರೆಗಳು ಒಂದನ್ನೊಂದು ಕತ್ತರಿಸುವ ಚಿತ್ರ ಬರೆಯುವಾಗ ಆ ಕತ್ತರಿಸುವ ಜಾಗದಲ್ಲಿ ಬೆಲೆ ಇರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಆ ಜಾಗ ಅಂಗಳದ ಆಚೆಗೋ ಈಚೆಗೋ ಎಂದು ಕೇಳಬೇಕೆನ್ನಿಸಿತ್ತು. ಎಲ್ಲರೂ ನಗಬಹುದೆಂದು ಕೇಳಲಿಲ್ಲ, ಮತ್ತು ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಒಳ್ಳೆಯ ಅಂಕವೇ ಬಂತು.

ಈಶ್ವರಪ್ರಸಾದರು ಬಂದಾಗ ಹನ್ನೆರಡು ಕಳೆದಿತ್ತು. ಅವರು ಕೆಟ್ಟವರಲ್ಲ. ಧನರಾಜನಿಗೆ ಇದು ಇನ್ನೂ ಕಷ್ಟ. ಚಪ್ಪಲಿಯನ್ನು ಹೆಂಗಸರ ಚಪ್ಪಲಿಗಳ ಸಾಲಿನಲ್ಲೇ ಬಿಟ್ಟು ಒಳಗೆ ಬಂದರು, ಕುರ್ಚಿ ಬೇಡವೆಂದು ಫ್ಯಾನಿನ ಕೆಳಗಿನ ಬೆಂಚಿನ ಮೇಲೆ ಕುಳಿತರು, ಚಿಪ್ಸ್ ತಿಂದರು, ಇನ್ನೊಮ್ಮೆ ಕೇಳಿ ತಿಂದರು. ಧನರಾಜ ಮೇಜಿನ ಹಿಂದಿನ ಕುರ್ಚಿಯಲ್ಲಿ ಕುಳಿತು ಪಾಠಗಳ ವಿವರವನ್ನು ಓದಿ ಹೇಳಿದ. ಅವರು ಕೇಳಿಸಿಕೊಳ್ಳುತ್ತ ಹೆಂಗಸರ ಕಡೆ ನೋಡುತ್ತಿದ್ದರು.

"ಬಡ್ಡಿ ಅಂದ್ರೆ ಎಂತ? ಯಾರಾದ್ರೂ ಹೇಳಿ ನೋಡುವ."

ರಶ್ಮಿತಾ ಎದ್ದು ಪುಸ್ತಕದಲ್ಲಿದ್ದಂತೆ ಹೇಳಿದಳು. ದಮಯಂತಿ ಕುಳಿತಲ್ಲಿಂದಲೇ, "ತಗೊಳ್ಳುವಾಗ ಹೇಳುವುದಿಲ್ಲ, ತಿರುಗಿ ಕೊಡುವಾಗ ಹೇಳ್ತಾರೆ, ಅದು ಬಡ್ಡಿ," ಎಂದಳು.

ಈಶ್ವರಪ್ರಸಾದರು ಮನಸ್ಸು ಬಿಚ್ಚಿ ನಕ್ಕರು. "ಇದನ್ನು ಬ್ಯಾಂಕಿನವರಿಗೆ ಹೇಳ್ಬೇಕು ಮಾರಾಯ್ತಿ." ಏನನ್ನೋ ಬರೆದುಕೊಂಡರು. ರೂಮು ಆಯಿತು ಎಂದು ಧನರಾಜನಿಗೆ ಆಗ ಅನ್ನಿಸಿತು. ಕೈಯಲ್ಲಿದ್ದ ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟು ಕುರ್ಚಿಗೆ ಒರಗಿದ.

"ಎಲ್ಲ ಸರಿ. ಈಗ ಒಂದು ವ್ಯಾಪಾರ ಮಾಡಿ ತೋರಿಸಿ," ಎಂದರು ಅವರು. ರಶ್ಮಿತಾ ಮುಂದೆ ಬಂದಳು. "ನೀನು ಬೇಡ ಮಗೂ, ನಿಂಗೆ ಬರ್ತದೆ ಅಂತ ಗೊತ್ತಾಯ್ತು. ಆ ಮೂಲೆಯಲ್ಲಿ ಒಬ್ಬರು ಅಜ್ಜಿ ಮಾತಾಡದೆ ಕೂತಿದ್ದಾರಲ್ಲ, ಅವರು ಮಾಡ್ಲಿ. ಅವರಿಗೆ ಬಂದ್ರೆ ಎಲ್ಲರಿಗೂ ಬಂತು ಅಂತ ಲೆಕ್ಕ. ಗಿರಾಕಿ ನೀವೇ ಆಗಿ ಧನರಾಜ್."

ಅಮ್ಮು ಎದ್ದಳು. ಗೋಡೆಗೆ ಒರಗಿಸಿಟ್ಟ ಬುಟ್ಟಿಗಳಲ್ಲಿ ತನ್ನದನ್ನು ಹುಡುಕಿ ತೆಗೆದುಕೊಂಡಳು, ಮೇಜಿನ ಕಡೆ ನೋಡಿದಳು. ಮೇಜಿನ ಹಿಂದೆ ಕುರ್ಚಿಯಲ್ಲಿ ಧನರಾಜ ಇದ್ದ. ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟು ಹೊತ್ತು ಅವಳು ನಿಂತಳು, ಅಷ್ಟು ಹೊತ್ತು ಅವನಿಗೆ ಸಾಕಿತ್ತು. ಏಳಬೇಕು ಎಂಬುದು ಅವನ ಕಾಲಿಗೆ ಗೊತ್ತಾಗಿ ಹಿಮ್ಮಡಿ ಸ್ವಲ್ಪ ನೆಲ ಬಿಟ್ಟಿತು ಕೂಡ. ಎದ್ದರೆ ಈಶ್ವರಪ್ರಸಾದರ ಮುಂದಿನಿಂದಲೇ ಹಾದು, ಬಾಗಿಲು ದಾಟಿ, ಆ ಬಿಸಿಲಿಗೆ ಇಳಿದು, ಅಲ್ಲಿಂದ ಒಳಗಿರುವ ಅವಳನ್ನು ನೋಡಬೇಕು. ಬೇರೆಯವರ ಜೊತೆ ಎಷ್ಟೋ ಸಲ ಮಾಡಿದ್ದೇ. ಆದರೆ ಒಬ್ಬ ಅಧಿಕಾರಿ ನೋಡುತ್ತಿರುವಾಗ ಅಂಗಳದಲ್ಲಿ ಹೋಗಿ ನಿಲ್ಲುವುದು ತಾನು ಓದಿದ್ದೇ ಯಾವುದರಿಂದ ತಪ್ಪಿಸಿಕೊಳ್ಳಲಿಕ್ಕೋ ಅದೇ ಅಲ್ಲವೇ ಎಂದು ಅವನಿಗೆ ತೋರಿತು, ಅಥವಾ ಹಾಗೇನೂ ತೋರದೆ ಕುರ್ಚಿಯ ಕೈಗಳ ಮೇಲೆ ಅವನ ಕೈಗಳು ಹಾಯಾಗಿದ್ದವು ಅಷ್ಟೇ. ಅಮ್ಮು ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ಬಾಗಿಲಿನ ಕಡೆ ನಡೆದಳು. ದಮಯಂತಿ ಕಾಲು ಮಡಚಿ ದಾರಿ ಬಿಟ್ಟಳು, ರಶ್ಮಿತಾ ಬಾಗಿಲನ್ನು ಅಗಲ ತೆರೆದು ಹಿಡಿದಳು. ಯಾರಿಗೂ ಏನೂ ತಪ್ಪಾದಂತೆ ಕಾಣಲಿಲ್ಲ. ಅವಳು ಮೆಟ್ಟಿಲಿಳಿದು, ಅಂಗಳ ದಾಟಿ, ನಳ್ಳಿಯ ಹತ್ತಿರ ಹೋಗಿ ನಿಂತಳು. ಆಗ ಎಲ್ಲವೂ ಎಷ್ಟು ಸರಿಯಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವೆಂದರೆ, ಏಳಬೇಕೆಂದು ಹೊಳೆದದ್ದು ಧನರಾಜನಿಗೇ ಮರೆತುಹೋಯಿತು.

ಅಮ್ಮು ಒಮ್ಮೆ ಕೆಮ್ಮಿದಳು.

"ಯಾರದು?" ಎಂದ ಧನರಾಜ.

ಧ್ವನಿ ಹೊಟ್ಟೆಯಿಂದ ಬಂದಿತ್ತು, ಅವಸರವಿಲ್ಲದೆ, ಕಣ್ಣು ಇನ್ನೂ ಪೇಪರಿನ ಮೇಲಿರುವವರ ಧ್ವನಿ. ಅದನ್ನು ಅವನು ಯಾವತ್ತೂ ಅಭ್ಯಾಸ ಮಾಡಿರಲಿಲ್ಲ. ತಡ್ಪೆ ಹೊತ್ತು ಅವಳ ಹಿಂದೆ ನಿಂತಾಗ ಅದು ಅವನೊಳಗೆ ಹೋಗಿ, ಇಷ್ಟು ವರ್ಷ ಕೆಡದೆ ಉಳಿದಿತ್ತು.

"ನಾನು. ಬುಟ್ಟಿ ತಂದಿದ್ದೇನೆ."

"ಅಲ್ಲೇ ಇಡು."

ಇಟ್ಟಳು. ಹಿಂದೆ ಸರಿದಳು. ಹೆಂಗಸರು ನೋಡುತ್ತಿದ್ದರು. ಸಾರ್ ಚೆನ್ನಾಗಿ ಮಾಡುತ್ತಿದ್ದಾರೆ ಎಂಬಂತೆ ಒಬ್ಬಳು ತಲೆಯಾಡಿಸಿದಳು. ಪಾಠದ ಮುಂದಿನ ಮಾತು ಅವನಿಗೆ ತಡವಾಗಿ ನೆನಪಾಯಿತು.

"ಎಷ್ಟು?"

ಅವಳು ಬುಟ್ಟಿಯನ್ನು ನೋಡಿದಳು, ಆಮೇಲೆ ಬಾಗಿಲಿನ ಕಡೆ. "ಮುನ್ನೂರೈವತ್ತು."

ಅಂಗಳವನ್ನು ದಾಟಿ ಆ ಸಂಖ್ಯೆ ಒಳಗೆ ಬಂತು. ಗಟ್ಟಿಯಾಗಿತ್ತು, ಒಡೆಯಲಿಲ್ಲ. ಅವಳ ಬಾಯಿಂದ ಕೊಳ್ಳುವವರಿಗೆ ಒಂದು ಸಂಖ್ಯೆ ಹೋದದ್ದನ್ನು ಅವನು ಮೊದಲ ಸಲ ಕೇಳಿದ.

"ಜಾಸ್ತಿ ಆಯಿತು. ಇನ್ನೂರು ಕೊಡ್ತೇನೆ."

"ಆಗ್ಲಿಕ್ಕಿಲ್ಲ." ಅವಳು ಮುಂದೆ ಬಂದು ಇಟ್ಟ ಬುಟ್ಟಿಯನ್ನು ಪುನಃ ಎತ್ತಿ ಸೊಂಟಕ್ಕೆ ಆನಿಸಿಕೊಂಡಳು. "ಬಳ್ಳಿ ತರ್ಲಿಕ್ಕೆ ಕಾಡಿಗೆ ಹೋಗ್ಬೇಕು. ಸೀಳ್ಬೇಕು. ನೇಯ್ಲಿಕ್ಕೆ ಮತ್ತೆ ಎರಡು ದಿನ. ಕಡಿಮೆ ಆಗ್ಲಿಕ್ಕಿಲ್ಲ ಸಾರ್."

ನಗು ಅವನ ಪಕ್ಕದಿಂದ ಶುರುವಾಗಿತ್ತು. ಯಾವಾಗಿನಿಂದಲೋ ತಡೆದುಕೊಂಡದ್ದು ಈಗ ತಡೆಯಲಾರದೆ ಈಶ್ವರಪ್ರಸಾದರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳು ಕೊನೆಗೆ ಹೇಳಿದ್ದೇನೂ ಅವರ ಕಿವಿಗೆ ಬಿದ್ದಂತಿರಲಿಲ್ಲ. "ನಿಲ್ಲಿ, ನಿಲ್ಲಿ. ಇದೆಂತ ಅಂಗಡಿ ಮಾರಾಯ್ರೆ? ಗಿರಾಕಿ ಒಳಗೆ ಫ್ಯಾನಿನ ಕೆಳಗೆ, ಅಂಗಡಿಯವಳು ಹೊರಗೆ ಬಿಸಿಲಲ್ಲಿ! ಸೀತಾಂಗೋಳಿಯಲ್ಲಿ ಹೀಗೆ ಮಾಡಿದ್ರೆ ಬಸ್ಸಿನವರು ಹಾರ್ನ್ ಹೊಡಿತಾರೆ." ಮೊದಲು ರಶ್ಮಿತಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಒಬ್ಬೊಬ್ಬರಿಗೇ ಹೊಳೆಯಿತು, ಭವನವೆಲ್ಲ ನಗುವಾಯಿತು. ಧನರಾಜ ತನ್ನ ಮುಖ ನಗುತ್ತಿರುವುದನ್ನು ಕೆನ್ನೆಗಳಿಂದ ತಿಳಿದುಕೊಂಡ. ನಗು ಯಾವುದಕ್ಕೆಂದು ತಿಳಿಯದ ಅಮ್ಮು ಹೊರಗೆ, ಬುಟ್ಟಿಯನ್ನು ಸೊಂಟದಲ್ಲಿ ಹಿಡಿದು, ತಾನೂ ಸ್ವಲ್ಪ ನಗುತ್ತ, ಗಿರಾಕಿಯ ಮುಂದಿನ ಮಾತಿಗೆ ಕಾಯುತ್ತಿದ್ದಳು.

ಜೀಪಿನ ತನಕ ಈಶ್ವರಪ್ರಸಾದರು ಅವನ ಹೆಗಲ ಮೇಲೆ ಕೈ ಇಟ್ಟುಕೊಂಡೇ ನಡೆದರು. "ತಪ್ಪು ತಿಳ್ಕೊಳ್ಬೇಡಿ ಧನರಾಜ್. ನೀವು ಚಂದ ಕಲಿಸಿದ್ದೀರಿ. ಆದ್ರೆ ಅಂಗಡಿ ಅಂದ್ರೆ ಎಂತ ಅಂತಲೇ ಗೊತ್ತಿಲ್ಲದವರಿಗೆ ರೂಮು ಕೊಟ್ರೆ ನಾಳೆ ನನ್ನ ಕುತ್ತಿಗೆಗೆ ಬರ್ತದೆ. ಇನ್ನೊಂದು ಬ್ಯಾಚು ಮಾಡುವ. ನಿಮ್ಮ ಕೆಲಸವೂ ಮುಂದುವರಿತದಲ್ಲ."

"ರೂಮು ಸಾರ್?"

"ಮೊಬೈಲು ರಿಪೇರಿಯವರ ಅರ್ಜಿ ಒಂದು ಉಂಟು. ಖಾಲಿ ಇಡ್ಲಿಕ್ಕೆ ಆಗುವುದಿಲ್ಲ ನೋಡಿ."

"ಹಿರಿಯರಿಗೆ ಕಲಿಸುವುದು ಸ್ವಲ್ಪ ಕಷ್ಟ ಸಾರ್," ಎಂದ ಧನರಾಜ. ಅದನ್ನು ಹೇಳಲು ಅವನನ್ನು ಯಾರೂ ಕೇಳಿರಲಿಲ್ಲ.

"ಅಯ್ಯೋ, ಪಾಪ. ಆ ಅಜ್ಜಿಗೆ ಮಕ್ಕಳು ಇಲ್ವಾ?"

"ಇದ್ದಾನೆ ಸಾರ್. ಒಬ್ಬ."

"ಕೆಲಸ ಉಂಟಾ ಅವನಿಗೆ?"

"ಉಂಟು."

"ಅಷ್ಟಾದ್ರೂ ಉಂಟಲ್ಲ," ಎಂದು ಅವರು ಸಮಾಧಾನದಿಂದ ಜೀಪು ಹತ್ತಿದರು.

ಅವನು ಹಿಂತಿರುಗಿದಾಗ ರೂಮು ಹೋದದ್ದು ಹೆಂಗಸರಿಗೆ ಹೇಗೋ ಗೊತ್ತಾಗಿತ್ತು. ಬಹುಶಃ ಅವನ ನಡಿಗೆಯಿಂದ. ರಶ್ಮಿತಾ ಯಾರ ಮುಖವನ್ನೂ ನೋಡದೆ ಕಾಗದದ ಲೋಟಗಳನ್ನು ಒಂದರೊಳಗೊಂದು ತುರುಕುತ್ತಿದ್ದಳು. ಹಗಲು ಹೊತ್ತು ಪೇಟೆಯಲ್ಲಿ ಕೂರಬಹುದಲ್ಲ ಎಂದು ಅವಳು ಎರಡು ತಿಂಗಳಿಂದ ಹೇಳುತ್ತಿದ್ದವಳು. ದಮಯಂತಿ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಅಮ್ಮು ಅಕ್ಕ, ಎಂತ ಮಾಡಿದ್ದು ನೀವು? ಸಕ್ಕರೆಗೆ ಹೋದ್ರೆ ಅಂಗಡಿಯವ ರೋಡಿನಲ್ಲಿ ನಿಂತು ಕೆಮ್ತಾನಾ? ಇಷ್ಟು ದಿನ ಮೂಲೆಯಲ್ಲಿ ಕೂತು ಯಾರನ್ನು ನೋಡಿದ್ದು ನೀವು?"

"ಗೊತ್ತಾಗ್ಲಿಲ್ಲ," ಎಂದಳು ಅಮ್ಮು.

"ನಿಮಗೆ ಗೊತ್ತಾಗ್ಲಿಲ್ಲ, ನಮಗೆ ರೂಮು ಇಲ್ಲ." ದಮಯಂತಿ ಧನರಾಜನ ಕಡೆ ತಿರುಗಿದಳು. ತಾನೇ ಕಾಲು ಮಡಚಿ ದಾರಿ ಬಿಟ್ಟದ್ದು ಅವಳಿಗೆ ನೆನಪಿದ್ದಂತಿರಲಿಲ್ಲ, ಅಥವಾ ನೆನಪಿದ್ದೇ ಅಷ್ಟು ಸಿಟ್ಟು. "ನೀವು ಹೇಳಿ ಸಾರ್. ನೀವು ಕಲಿಸಿದ್ದು ಹೀಗಾ?"

ಎಲ್ಲರೂ ಅವನನ್ನು ನೋಡಿದರು. ಅಮ್ಮುವೂ ನೋಡಿದಳು, ಉತ್ತರ ತಿಳಿದುಕೊಳ್ಳುವ ಆಸಕ್ತಿಯಿಂದ. ಅವನು ಬೋರ್ಡಿನ ಮೇಲೆ ಬರೆದದ್ದನ್ನು ಒರೆಸತೊಡಗಿದ. ಒರೆಸುವುದಕ್ಕೆ ಹೆಚ್ಚೇನೂ ಇರಲಿಲ್ಲ, ಆದ್ದರಿಂದ ನಿಧಾನವಾಗಿ ಒರೆಸಿದ.

"ಹೀಗೆ ಅಲ್ಲ," ಎಂದ. "ಇನ್ನೊಂದು ಬ್ಯಾಚು ಉಂಟು. ಅದರಲ್ಲಿ ಸರಿ ಮಾಡುವ."

ಮಧ್ಯಾಹ್ನ ಮನೆಯಲ್ಲಿ ಅವಳು ಅನ್ನ ಬಡಿಸಿ, ಎದುರಿಗೆ ಕುಳಿತು ಬಳ್ಳಿ ಸೀಳತೊಡಗಿದಳು. ಮನೆಯಲ್ಲಿ ಅವರು ಆಡುವುದು ತುಳು. ಅದರಲ್ಲಿ ಅವನು ಸಾರ್ ಅಲ್ಲ; ಅವಳು ಅಮ್ಮು ಅಲ್ಲ, ಅಪ್ಪೆ. ಕತ್ತಿಯ ತುದಿ ಬಳ್ಳಿಯ ಬಾಯಿಗೆ ಇಳಿದ ಮೇಲೆ ಅದು ತಾನಾಗಿ ಎರಡಾಗುತ್ತ ಹೋಗುವ ಸದ್ದು ಅವನಿಗೆ ಹುಟ್ಟಿದಂದಿನಿಂದ ಗೊತ್ತು, ಇವತ್ತು ಆ ಸದ್ದಿಗೆ ಅವನು ಅನ್ನವನ್ನು ತಟ್ಟೆಯಲ್ಲೇ ಕಲಸುತ್ತ ಕುಳಿತ.

"ಧನು, ರೇಟು ನಾನು ಸರಿ ಹೇಳಿದೆ ಅಲ್ವಾ?"

"ಹೇಳಿದ್ದಿ."

"ಕಡಿಮೆ ಮಾಡ್ಲಿಲ್ಲ."

"ಇಲ್ಲ."

"ನೀನು ಇನ್ನೂರು ಅಂದಾಗ ಕೊಟ್ಟುಬಿಡುವ ಅಂತ ಕಂಡಿತು. ನೀನಲ್ಲವಾ ಅಂತ. ಆದ್ರೂ ಕೊಡ್ಲಿಲ್ಲ." ಅವಳ ಮುಖದಲ್ಲಿ ಒಂದು ಕ್ಷಣ ಏನೋ ಬಂದು ಹೋಯಿತು, ಹೆಮ್ಮೆ ಎಂದು ಅದನ್ನು ಕರೆಯುವ ಧೈರ್ಯ ಅವನಿಗಾಗಲಿಲ್ಲ. "ಮತ್ತೆ ಎಲ್ಲಿ ತಪ್ಪಿತು?"

"ಹೊರಗೆ ಹೋಗಬಾರದಿತ್ತು, ಅಪ್ಪೆ. ಅಂಗಡಿಯವರು ಒಳಗೆ ಇರ್ಬೇಕು. ತಗೊಳ್ಳುವವರು ಹೊರಗಿಂದ ಬರ್ಬೇಕು."

ಅವಳು ಯೋಚಿಸಿದಳು. ಬಳ್ಳಿ ತುದಿಯ ತನಕ ಸೀಳಿತು.

"ಒಳಗೆ ನೀನು ಕೂತಿದ್ದಿಯಲ್ಲ ಮಗಾ," ಎಂದಳು. ದೂರಿದ್ದಲ್ಲ, ಇದ್ದದ್ದನ್ನು ಹೇಳಿದ್ದು.

ಧನರಾಜ ಎದ್ದು ಹೊರಗೆ ಹೋಗಿ ಕೈ ತೊಳೆದ. ತೊಳೆದ ಮೇಲೂ ಸ್ವಲ್ಪ ಹೊತ್ತು ನೀರು ಹಾಕಿಕೊಳ್ಳುತ್ತಲೇ ಇದ್ದ.

"ಮುಂದಿನ ಸಲ ನೆನಪಿಟ್ಟುಕೋ," ಎಂದ.

"ಆಯಿತು," ಎಂದಳು ಅಮ್ಮು.

ಮುಂದಿನ ಬ್ಯಾಚು ಶುರುವಾದಾಗ ಅವಳು ಬರಲಿಲ್ಲ. ಬರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ದಮಯಂತಿಯೂ ಕೂಡ. ಕ್ಲಾಸು ಇರುವ ದಿನಗಳಲ್ಲೇ ಬುಟ್ಟಿಗಳನ್ನು ಹೊತ್ತು ಬೆಳ್ಳೂರಿನ ಕಡೆ ಹೋಗುತ್ತಿದ್ದಳು, ಅಲ್ಲಿ ಬೆಲೆ ಹೇಳುತ್ತಿದ್ದಳೋ ಇಲ್ಲವೋ ಅವನು ವಿಚಾರಿಸಲಿಲ್ಲ. ಹಾಜರಿಯಲ್ಲಿ ಅವಳ ಹೆಸರನ್ನು ಅವನು ಕೆಲವು ವಾರ ಕರೆದ, ಆಮೇಲೆ ಬಿಟ್ಟ. ಸೀತಾಂಗೋಳಿಯ ರೂಮಿಗೆ ಮೊಬೈಲಿನವರು ಬಂದರು, ಅವನ ನೇಮಕ ಒಂದು ವರ್ಷಕ್ಕೆ ನವೀಕರಣವಾಯಿತು, ಈಶ್ವರಪ್ರಸಾದರು ಸಿಕ್ಕಿದಾಗಲೆಲ್ಲ ಅಜ್ಜಿ ಹೇಗಿದ್ದಾರೆ ಎಂದು ಕೇಳುತ್ತಿದ್ದರು, ಚೆನ್ನಾಗಿದ್ದಾರೆ ಎಂದು ಅವನು ಹೇಳುತ್ತಿದ್ದ. ಆ ದಿನ ಕುರ್ಚಿಯಿಂದ ಎದ್ದು ಅಂಗಳಕ್ಕೆ ಹೋಗಬೇಕಾಗಿದ್ದವನು ತಾನು ಎಂಬುದನ್ನು ಧನರಾಜ ಅವರಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ.